ಜಾಳಿಗೆಯಲ್ಲಿ ಸಿಕ್ಕ ಅಕ್ಕಿಕಾಳು

ಮದುವೆ ಕಾರ್ಡು ಬಂದಾಗ ನಾನು ಗ್ಯಾರೇಜಿನ ಹಿಂದಿನ ಕಲ್ಲಿನ ಮೇಲೆ ಕುಳಿತು ಡೀಸೆಲ್ಲಿನಲ್ಲಿ ಕೈ ತೊಳೆಯುತ್ತಿದ್ದೆ. ತಂದವರು ಅಬಲೂರಿನ ಒಬ್ಬ ರೈತರು. ಹೊಲದ ಜೊತೆಗೆ ಒಂದು ಹಳೆಯ ಡೀಸೆಲ್ ಕಾರನ್ನೂ ಬಾಡಿಗೆಗೆ ಓಡಿಸುತ್ತಾರೆ. ಆ ಕಾರಿನ ಇಂಜಿನ್ನನ್ನು ಎರಡು ಸಲ ಬಿಚ್ಚಿ ಕಟ್ಟಿದವನು ನಾನು. ಕೈ ಹೊಲಸಾಗಿದೆ ಎಂದು ನಾನು ಹಿಂದೆ ಸರಿದರೆ ಅವರು ನಗುತ್ತ ಕಾರ್ಡನ್ನು ನನ್ನ ಅಂಗಿಯ ಜೇಬಿಗೆ ಇಟ್ಟರು.

"ಮಗಳ ಮದಿವಿ ಇಟ್ಕೊಂಡೇವ್ರಿ ಮಿಸ್ತ್ರಿ, ಹಿರೇಕೆರೂರಾಗ. ನೀವು ಬಂದು ನಾಕ ಅಕ್ಕಿಕಾಳು ಹಾಕಿ ಹೋಗಬೇಕು ನೋಡ್ರಿ. ತಪ್ಪಸಬ್ಯಾಡ್ರಿ."

ನಮ್ಮ ಕಡೆ ಮದುವೆಗೆ ಕರೆಯುವುದೇ ಹಾಗೆ. ಊಟಕ್ಕೆ ಬನ್ನಿ ಎನ್ನುವುದಿಲ್ಲ, ವಧೂವರರ ಮೇಲೆ ಅಕ್ಕಿಕಾಳು ಹಾಕಲು ಬನ್ನಿ ಎನ್ನುತ್ತಾರೆ. ಬೇರೆ ಯಾರಾದರೂ ಕರೆದಿದ್ದರೆ ಹೂಂ ಅಂದು ಮರೆತುಬಿಡುತ್ತಿದ್ದೆ. ಈ ಮನುಷ್ಯನ ಬಾಯಿಂದ ಬಂದ ಆ ಮಾತನ್ನು ಮಾತ್ರ ಹಾಗೆ ಮರೆಯುವಂತಿರಲಿಲ್ಲ. ಅವರ ತಾಯಿ ಹಾಕಿದ ಒಂದು ಅಕ್ಕಿಕಾಳಿನ ಮೇಲೆ ನಾನು ನನ್ನ ತಪ್ಪನ್ನು ಹೊರಿಸಿ ಎರಡು ವರ್ಷವಾಗಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಆ ತಾಯಿಗೂ ಗೊತ್ತಿರಲಿಲ್ಲ.

ನನಗೀಗ ಐವತ್ತಾರು ವರ್ಷ. ಮೂವತ್ತು ವರ್ಷದಿಂದ ಹಾನಗಲ್ಲಿನಲ್ಲಿ ಗ್ಯಾರೇಜು ನಡೆಸುತ್ತಿದ್ದೇನೆ. ಬೆಳಿಗ್ಗೆ ಎದ್ದಾಗಲೇ ಸಂಜೆಯಾದಷ್ಟು ದಣಿದಿರುತ್ತೇನೆ. ಮೊಣಕಾಲು ಮಡಚಿದರೆ ನೆಟ್ಟಗಾಗುವುದಿಲ್ಲ, ನೆಟ್ಟಗಾದರೆ ಮಡಚುವುದಿಲ್ಲ. ನನ್ನ ಉಗುರಿನ ಸಂದಿಯ ಕಪ್ಪು ಹೋದೀತೆಂಬ ಆಸೆಯನ್ನು ಹೆಂಡತಿ ಎಂದೋ ಬಿಟ್ಟಿದ್ದಾಳೆ. ರೊಟ್ಟಿಯ ಹಿಟ್ಟಿನ ಹತ್ತಿರ ಮಾತ್ರ ಬರಬೇಡಿ ಎನ್ನುತ್ತಾಳೆ. ಹೊಸ ಗಾಡಿಗಳು ನನ್ನಲ್ಲಿಗೆ ಬರುವುದಿಲ್ಲ, ಅವಕ್ಕೆ ಕಂಪ್ಯೂಟರ್ ಹಚ್ಚಿ ರೋಗ ಹೇಳುವ ಶೋರೂಮುಗಳಿವೆ. ನನ್ನ ಬಾಗಿಲಿಗೆ ಬರುವುದು ಹೊಗೆ ಉಗುಳುವ, ಎಣ್ಣೆ ಕುಡಿಯುವ ಮುದಿ ಗಾಡಿಗಳು. ಮಾಲಕರು ಯಾರೂ ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳುವುದಿಲ್ಲ, ಯಾವಾಗ ಕೊಡುತ್ತೀರಿ ಎಂದೇ ಕೇಳುತ್ತಾರೆ. ಮೂವತ್ತು ವರ್ಷ ಆ ಒಂದೇ ಪ್ರಶ್ನೆ ಕೇಳಿಸಿಕೊಂಡ ಮೇಲೆ ನಾನೂ ಹೇಗೆ ಎಂಬುದನ್ನು ಬಿಟ್ಟು ಯಾವಾಗ ಎಂಬುದನ್ನೇ ಯೋಚಿಸತೊಡಗಿದ್ದೆ.

ಕೆಲಸ ಕಲಿತದ್ದು ಸವಣೂರಿನಲ್ಲಿ, ಒಬ್ಬ ಉಸ್ತಾದರ ಹತ್ತಿರ. ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು. ಬೈಯುವುದರಲ್ಲಿ ಧಾರಾಳಿ, ಹೊಗಳುವುದರಲ್ಲಿ ಜಿಪುಣ. ಸದಾ ಬಾಯಿಯಲ್ಲಿ ಸವಣೂರಿನ ವೀಳ್ಯದೆಲೆ ಇರಬೇಕು, ಆದರೆ ಇಂಜಿನ್ ತೆರೆದಿಟ್ಟ ದಿನ ಬಾಯಿ ಮುಕ್ಕಳಿಸಿ ಬಂದೇ ಹತ್ತಿರ ಬಗ್ಗುತ್ತಿದ್ದರು. ಅಡಿಕೆಯ ಚೂರೊಂದು ಒಳಗೆ ಬಿದ್ದರೆ ಎಂಬ ಭಯ ಅವರಿಗೆ. ಊಟಕ್ಕೆ ಏಳುವಾಗ ತೆರೆದ ಇಂಜಿನ್ನಿನ ಮೇಲೆ ಒಗೆದ ಲುಂಗಿಯೊಂದನ್ನು ಹೊದಿಸುತ್ತಿದ್ದರು. ಬಿಚ್ಚಿದ ನಟ್ಟು ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದರೆ ಡಬ್ಬಿಯನ್ನೇ ಎತ್ತಿ ಅಂಗಳಕ್ಕೆ ಎಸೆಯುತ್ತಿದ್ದರು, ಆರಿಸಿ ತರುವ ಶಿಕ್ಷೆ ನಮಗೆ. ಎಣ್ಣೆ ಹರಿಯುವ ತೂತುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಡೀಸೆಲ್ ಬಿಟ್ಟು, ಗಾಳಿ ಹೊಡೆದು, ಕೊನೆಗೆ ಬಿಳಿ ಬಟ್ಟೆ ತೂರಿಸಿ ಎಳೆಯಬೇಕಿತ್ತು. ಬಟ್ಟೆ ಬಿಳಿಯಾಗಿಯೇ ಹೊರಬರಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಪಿಸ್ಟನ್ನಿನ ರಿಂಗನ್ನು ಪೊಟ್ಟಣದಿಂದ ತೆಗೆದು ಹಾಗೇ ಏರಿಸುವಂತಿಲ್ಲ, ಮೊದಲು ಅದನ್ನೊಂದೇ ಸಿಲಿಂಡರಿಗೆ ಇಳಿಸಿ ತುದಿಗಳ ನಡುವಿನ ಸಂದು ಅಳೆಯಬೇಕು. ಬೋಲ್ಟನ್ನು ತೋಳಿನ ಅಂದಾಜಿನ ಮೇಲೆ ಬಿಗಿಯುವಂತಿಲ್ಲ, ಬಿಗಿ ಎಷ್ಟೆಂದು ತೋರಿಸುವ ಪಾನಾ ಹಿಡಿಯಬೇಕು. ಪೂಜೆ ಬೇಡ ಎಂದವರಲ್ಲ ಅವರು. ಮಾಲಕರು ತೆಂಗಿನಕಾಯಿ, ನಿಂಬೆಹಣ್ಣು ತಂದರೆ, "ಇಂಜಿನ್ ಮುಚ್ಚಿದ ಮ್ಯಾಲ ಏನ ಬೇಕಾದ್ದ ಮಾಡ್ರಿ, ಮುಚ್ಚೂತನಕ ಯಾರೂ ಹಂತ್ಯಾಕ ಬರಬ್ಯಾಡ್ರಿ" ಎಂದು ಅಂಗಳದಲ್ಲೇ ನಿಲ್ಲಿಸುತ್ತಿದ್ದರು.

ಅವರು ಪ್ರಾಣಕ್ಕಿಂತ ಹೆಚ್ಚಾಗಿ ನೋಡುತ್ತಿದ್ದದ್ದು ಕ್ರ್ಯಾಂಕನ್ನು. ಈ ಕೆಲಸ ಕಂಡಿಲ್ಲದವರಿಗೆ ಹೇಳುತ್ತೇನೆ: ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳ ಬಲವನ್ನು ತಿರುಗುವ ಬಲ ಮಾಡುವ ದಪ್ಪ ಉಕ್ಕಿನ ದಂಡವೇ ಕ್ರ್ಯಾಂಕ್. ಇಂಜಿನ್ನಿನ ಹೊಟ್ಟೆಯಲ್ಲಿ ಅದು ಐದು ಕಡೆ ಕೂರುತ್ತದೆ. ಒಂದೊಂದು ಕಡೆಯೂ ಅದನ್ನು ಅವುಚಿ ಹಿಡಿಯಲು ಕಮಾನಿನಂಥ ಒಂದು ಕ್ಯಾಪು, ಕ್ಯಾಪಿನೊಳಗೆ ತೆಳ್ಳನೆಯ ಬೇರಿಂಗು. ತುದಿಯ ಎರಡು ಕ್ಯಾಪುಗಳ ಆಕಾರ ಬೇರೆ. ನಡುವಿನ ಮೂರು ನೋಡಲು ಒಂದೇ, ಆದರೆ ಕಾರ್ಖಾನೆಯಲ್ಲಿ ಅವನ್ನು ಅದದೇ ಜಾಗದಲ್ಲಿ ಕೂರಿಸಿ ಕೊರೆದಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಅಷ್ಟು ಸಾಕು ಇಂಜಿನ್ ಸುಡಲು. ಅದಕ್ಕಾಗಿಯೇ ಬಿಚ್ಚುವಾಗ ಪಂಚಿನಿಂದ ಚುಕ್ಕಿ ಹೊಡೆಯುತ್ತೇವೆ. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ.

"ಒಂದ ಕ್ಯಾಪ್ ಬಿಗಿ ಮಾಡು, ಕೈಲೆ ತಿರಗಿಸಿ ನೋಡು. ಎರಡನೇದು ಬಿಗಿ ಮಾಡು, ಮತ್ತ ತಿರಗಿಸು. ಐದೂ ಆದ ಮ್ಯಾಲೂ ಕೈಲೇ ತಿರಗಬೇಕು ಬೇಟಾ. ಸಬ್ಬಲ್ ಹಚ್ಚಿ ತಿರಗಿಸಿದಿ ಅಂದ್ರ ನನ್ನ ಹಂತ್ಯಾಕ ಕಲತೇನಿ ಅಂತ ಯಾರ ಮುಂದೂ ಹೇಳಬ್ಯಾಡ." ಉಸ್ತಾದರು ಇದನ್ನು ಪ್ರತಿ ಇಂಜಿನ್ನಿಗೂ ಹೇಳುತ್ತಿದ್ದರು. ಕೇಳಿ ಕೇಳಿ ನಮಗೆ ಬೇಸರ ಬಂದಿತ್ತು.

ಅಬಲೂರಿನ ಕಾರು ಮೊದಲ ಸಲ ಬಂದ ತಿಂಗಳು ನನ್ನ ಕೈಯಲ್ಲಿ ಇನ್ನೆರಡು ಇಂಜಿನ್ ಕೆಲಸಗಳಿದ್ದವು. ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಹುಬ್ಬಳ್ಳಿಗೆ ಒಯ್ಯಬೇಕು. ಗೋಣಿಚೀಲದಲ್ಲಿ ಸುತ್ತಿ, ಶಿಗ್ಗಾಂವಿಯವರೆಗೆ ಒಂದು ಬಸ್ಸು, ಅಲ್ಲಿಂದ ಹೈವೇ ಬಸ್ಸು. ಕಂಡಕ್ಟರು ಚೀಲವನ್ನು ಕಾಲಿನಿಂದ ತಳ್ಳಲು ಹೋಗಿ, "ಏನೈತ್ರಿ ಇದರಾಗ, ಹೆಣ ಇದ್ದಂಗ ಐತಿ" ಎಂದ. ಗ್ರೈಂಡಿಂಗ್ ಆಗುವ ಮೊದಲೇ ನಾನು ಅಂದಾಜಿನ ಮೇಲೆ ಬೇರಿಂಗು ಕೊಂಡಿಟ್ಟಿದ್ದೆ. ದಂಡ ಎಷ್ಟು ಸವೆದಿದೆ ಎಂದು ಗ್ರೈಂಡಿಂಗಿನವರು ಹೇಳಿದ ಮೇಲೆ ಅದಕ್ಕೆ ತಕ್ಕ ಅಳತೆಯ ಬೇರಿಂಗು ತರಬೇಕು. ನಿನ್ನೆ ಮೊನ್ನೆ ಪಾನಾ ಹಿಡಿದವರು ಮಾಡುವ ತಪ್ಪು ಅದು, ನಾನು ಈ ವಯಸ್ಸಿನಲ್ಲಿ ಮಾಡಿದೆ. ಬೇರಿಂಗು ಬದಲಿಸಲು ಇನ್ನೊಂದು ದಿನ, ಮತ್ತೆ ಶಿಗ್ಗಾಂವಿ, ಮತ್ತೆ ಹೈವೇ. ಮರಳಿ ಬಂದಾಗ ಬೆನ್ನು ಇತ್ತೋ ಇಲ್ಲವೋ ಗೊತ್ತಿರಲಿಲ್ಲ.

ಆ ಇಂಜಿನ್ನನ್ನು ನನಗಿಂತ ಮೊದಲು ಬೇರೆ ಯಾರೋ ಬಿಚ್ಚಿದ್ದರು. ಕ್ಯಾಪುಗಳ ಮೇಲೆ ಆಗಲೇ ಚುಕ್ಕಿಗಳಿದ್ದವು. ಒಂದು ಕೆಲಸ ಉಳಿಯಿತು ಎಂದು ನಾನು ಹೊಸ ಚುಕ್ಕಿ ಹೊಡೆಯಲೇ ಇಲ್ಲ. ಸವಣೂರಿನ ನಮ್ಮ ಉಸ್ತಾದರ ಕೈಕೆಳಗೆ ಕಲಿತವರು ಮುಂದಿನ ಫ್ಯಾನಿನ ಕಡೆಯಿಂದ ಎಣಿಸುತ್ತೇವೆ. ಹಿಂದಿನ ಫ್ಲೈವೀಲಿನ ಕಡೆಯಿಂದ ಎಣಿಸುವವರೂ ಇದ್ದಾರೆ, ಅದೂ ತಪ್ಪಲ್ಲ. ಈ ಚುಕ್ಕಿ ಹೊಡೆದವನು ಯಾವ ಕಡೆಯಿಂದ ಎಣಿಸಿದ್ದ ಎಂದು ಬಿಚ್ಚುವಾಗಲೇ ಒಮ್ಮೆ ನೋಡಿದ್ದರೆ ತಿಳಿಯುತ್ತಿತ್ತು. ನಾನು ನೋಡಲಿಲ್ಲ. ತುದಿಯ ಕ್ಯಾಪುಗಳು ಆಕಾರದಿಂದಲೇ ಗೊತ್ತಾಗುವುದರಿಂದ ಅವುಗಳ ಚುಕ್ಕಿಯನ್ನು ನೋಡುವ ಗೋಜಿಗೆ ಹೋಗಲಿಲ್ಲ. ನಡುವಿನವನ್ನು ನನ್ನ ರೂಢಿಯಂತೆ ಓದಿ ಕೂರಿಸಿದೆ. ಎರಡನೆಯದು ನಾಲ್ಕನೆಯದರ ಜಾಗಕ್ಕೆ ಹೋಯಿತು, ನಾಲ್ಕನೆಯದು ಎರಡನೆಯದರ ಜಾಗಕ್ಕೆ ಬಂತು.

ಅಷ್ಟಾದರೂ ಉಸ್ತಾದರ ಮಾತಿನಂತೆ ಒಂದೊಂದನ್ನೇ ಬಿಗಿದು ತಿರುಗಿಸಿದ್ದರೆ ಎರಡನೆಯ ಕ್ಯಾಪಿಗೇ ಕೈ ಹೇಳಿಬಿಡುತ್ತಿತ್ತು. ಅದು ಬುಧವಾರ. ಕ್ಯಾಪುಗಳನ್ನು ಕೂರಿಸಿ ಬೋಲ್ಟುಗಳನ್ನು ಕೈಯಿಂದ ಹಿಡಿಸಿಟ್ಟಿದ್ದೆ, ಅಷ್ಟರಲ್ಲಿ ಮಾಲಕರು ತಾಯಿಯನ್ನು ಕರೆದುಕೊಂಡು ಬಸ್ಸಿಳಿದು ಬಂದರು. ಎಪ್ಪತ್ತೈದರ ಆಸುಪಾಸಿನ ಸಣ್ಣ ಮೈಯ ಮುದುಕಿ. ಹಣೆಯಲ್ಲಿ ಇಬತ್ತಿ, ನಡುವೆ ಕುಂಕುಮ, ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ, ಕೈಯಲ್ಲಿ ಪೂಜೆಯ ತಟ್ಟೆ.

"ನಮ್ಮವ್ವನ ಕೈಗುಣ ಭಾಳ ಚೊಲೊ ಐತ್ರಿ ಮಿಸ್ತ್ರಿ," ಎಂದರು ಮಾಲಕರು. "ನಮ್ಮ ಓಣ್ಯಾಗ ಬಿತ್ತಾಕ ಕೂರಿಗಿ ಹೂಡಿದ್ರ ಮೊದಲನೇ ಕಾಳು ಅವ್ವನ ಕೈಲೇ ಬೀಳಬೇಕು. ಇಂಜಿನ್ ಮುಚ್ಚಾಕಿಂತ ಮದ್ಲ ಆಕಿ ನಾಕ ಅಕ್ಕಿಕಾಳು ಹಾಕಲಿ ಅಂತ ಕರಕೊಂಡ ಬಂದೇನಿ. ಹನ್ನೆರಡಕ್ಕ ರಾಹುಕಾಲ ಹತ್ತತೈತಿ, ಸ್ವಲ್ಪ ಲಗೂನ ಮಾಡ್ರಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ದಾಟಿತ್ತು. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು. "ತಮ್ಮಾ, ನಾವು ಬಂದು ನಿನ್ನ ಕೆಲಸಕ್ಕ ಅಡ್ಡ ಆತೇನಪ? ನಿಂದ ಮುಗಿಯೂಮಟ ಕುಂದರ್ತೇನಿ. ರಾಹುಕಾಲ ಹೋದ ಮ್ಯಾಲ ಹಾಕಿದ್ರೂ ನಡೀತೈತಿ, ನನಗೇನ ಅವಸರಿಲ್ಲ."

ಈ ಮಾತನ್ನು ನಾನು ಮರೆತಿಲ್ಲ. ಅವಸರ ಅವಳದಾಗಿರಲಿಲ್ಲ. ನನಗೆ ಆ ಇಂಜಿನ್ ಕಣ್ಣ ಮುಂದಿನಿಂದ ತೊಲಗಿದರೆ ಸಾಕಾಗಿತ್ತು, ಮನೆಗೆ ಹೋಗಿ ಬೆನ್ನು ನೆಲಕ್ಕೆ ಹಚ್ಚಿದರೆ ಸಾಕಾಗಿತ್ತು. "ಇಲ್ಲ ಬಿಡ್ರಿ ಯವ್ವಾ, ಆತು," ಎಂದು ಹತ್ತೂ ಬೋಲ್ಟುಗಳನ್ನು ಒಂದೇ ಸುತ್ತಿಗೆ ಬಿಗಿದೆ. ಕ್ರ್ಯಾಂಕ್ ಕೈಗೆ ತಿರುಗಲಿಲ್ಲ. ಉದ್ದನೆಯ ಪಾನಾಕ್ಕೆ ಪೈಪು ಸಿಕ್ಕಿಸಿ ಮೈಭಾರ ಹಾಕಿದೆ, ಗೊಣಗುತ್ತ ಒಂದು ಸುತ್ತು ಬಂತು.

"ಭಾಳ ಬಿಗಿ ಆತಲ್ರಿ?" ಎಂದರು ಮಾಲಕರು. ಕೆಲಸ ಬಲ್ಲವರಲ್ಲ, ಆದರೂ ಕಣ್ಣಿತ್ತು.

"ಹೊಸಾ ಬೇರಿಂಗ್ ಅಲ್ರಿ, ಓಡಾಡಿದಂಗ ಸಡಲ ಆಗ್ತೈತಿ," ಎಂದೆ. ಮಿಸ್ತ್ರಿಗಳು ಹೇಳುವ ಸುಳ್ಳುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದು. ಎಷ್ಟು ಸಲ ಹೇಳಿರುತ್ತೇವೆಂದರೆ ಕೊನೆಗೆ ನಾವೇ ಅದನ್ನು ನಂಬುತ್ತೇವೆ.

ಮುದುಕಿ ಬಂದು ಮಗುಚಿಟ್ಟ ಇಂಜಿನ್ನಿಗೆ ಇಬತ್ತಿ ಹಚ್ಚಿದಳು, ಕುಂಕುಮ ಇಟ್ಟಳು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಅರಿಶಿನದ ಅಕ್ಕಿಯನ್ನು ಹಗುರವಾಗಿ ಉದುರಿಸಿದಳು. ಉಸ್ತಾದರು ಇದ್ದಿದ್ದರೆ ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಅವಳು ಹಿಂದೆ ಸರಿದ ಮೇಲೆ ಕಂಡಷ್ಟು ಕಾಳುಗಳನ್ನು ಬ್ರಶ್ಶಿನಿಂದ ಗುಡಿಸಿ ತೆಗೆದೆ, ಕೆಳಗಿನ ಎಣ್ಣೆಯ ತೊಟ್ಟಿಯನ್ನು ಬೋಲ್ಟು ಹಾಕಿ ಮುಚ್ಚಿದೆ. ನಾವು ಅದನ್ನು ಚೇಂಬರ್ ಎನ್ನುತ್ತೇವೆ. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು.

ಒಂದು ತಿಂಗಳು ಕಾರು ಓಡಿತು. ಮುದುಕಿಯ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗಿ ಮರಳುವಾಗ ಬಂಕಾಪುರದ ಹತ್ತಿರ ಹೈವೇಯಲ್ಲೇ ಇಂಜಿನ್ ಬಡಿಯತೊಡಗಿ, ಆಮೇಲೆ ಕಚ್ಚಿಕೊಂಡು ನಿಂತಿತು. ಬಂಕಾಪುರದಿಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹಾನಗಲ್ಲಿಗೆ ಬಂದರು. ಮುದುಕಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಇಳಿದು ನೀರು ಕೇಳಿ ಕುಡಿದಳು. ಅವಳನ್ನು ಬಸ್ಸಿಗೆ ಹತ್ತಿಸಿ ಕಳಿಸಿ, ಮರುದಿನ ಮಾಲಕರು ಒಬ್ಬರೇ ಬಂದರು.

ಅವರ ಎದುರಿಗೇ ಇಂಜಿನ್ ಇಳಿಸಿ ಚೇಂಬರ್ ಬಿಚ್ಚಿದೆ. ಎರಡನೆಯ ಮತ್ತು ನಾಲ್ಕನೆಯ ಕ್ಯಾಪುಗಳು ಬೆಂಕಿಗೆ ಹಿಡಿದಂತೆ ನೀಲಿಯಾಗಿದ್ದವು. ಬೇರಿಂಗು ಕರಗಿ ದಂಡಕ್ಕೆ ಮೆತ್ತಿತ್ತು. ಉಳಿದ ಮೂರು ಕಡೆ ಏನೂ ಆಗಿರಲಿಲ್ಲ. ನೀಲಿಯಾದ ಎರಡರ ಮೇಲಿನ ಚುಕ್ಕಿಗಳನ್ನು ನೋಡಿದೆ, ತುದಿಯ ಕ್ಯಾಪನ್ನು ಒರೆಸಿ ಅದರ ಚುಕ್ಕಿಗಳನ್ನು ನೋಡಿದೆ. ಫ್ಯಾನಿನ ಕಡೆಯ ಕ್ಯಾಪಿನ ಮೇಲೆ ಐದು ಚುಕ್ಕಿ, ಹೊಡೆದವನು ಹಿಂದಿನಿಂದ ಎಣಿಸಿದ್ದ. ಎಲ್ಲ ತಿಳಿಯಿತು. ಅದೇ ಹೊತ್ತಿಗೆ ಮಾಲಕರು ಚೇಂಬರಿನೊಳಗೆ ಬಗ್ಗಿ, ಎಣ್ಣೆ ಹೀರುವ ಕೊಳವೆಯ ಬಾಯಿಗಿದ್ದ ಜಾಳಿಗೆಯಿಂದ ಏನನ್ನೋ ಉಗುರಿನಲ್ಲಿ ಎತ್ತಿದರು. ಒಂದು ಅಕ್ಕಿಕಾಳು. ಎಣ್ಣೆಯಲ್ಲಿ ನೆಂದು ಕಪ್ಪಾಗಿದ್ದರೂ ಒಂದು ಮಗ್ಗುಲಲ್ಲಿ ಅರಿಶಿನ ಉಳಿದಿತ್ತು.

"ಇದರಿಂದ ಆತೇನ್ರಿ?" ಎಂದರು.

ಜಾಳಿಗೆ ಇರುವುದೇ ಅಂಥದ್ದನ್ನು ಹಿಡಿಯಲಿಕ್ಕೆ. ಕಾಳು ಅಲ್ಲೇ ಸಿಕ್ಕಿಕೊಂಡಿತ್ತು, ಮುಂದೆ ಹೋಗಿರಲಿಲ್ಲ, ಯಾವ ಕೇಡನ್ನೂ ಮಾಡಿರಲಿಲ್ಲ. ಹೇಳಬೇಕಾದದ್ದು ಒಂದೇ ವಾಕ್ಯ. ನನ್ನ ಬಾಯಿಂದ ಬಂದದ್ದು, "ಹಿಂಗೂ ಆಗ್ತೈತ್ರಿ." ಅದನ್ನು ಹೇಳಿ ತಲೆ ಬಗ್ಗಿಸಿ ಬೋಲ್ಟು ಬಿಚ್ಚತೊಡಗಿದೆ. ಅವರು ನನ್ನ ಬೆಂಚಿನ ಮೇಲಿದ್ದ ಪತ್ರಿಕೆಯ ಚೂರು ಹರಿದು, ಕಾಳನ್ನು ಅದರಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಎರಡನೆಯ ಸಲ ಆ ಇಂಜಿನ್ನನ್ನು ಉಸ್ತಾದರು ಬೆನ್ನ ಹಿಂದೆ ನಿಂತಂತೆ ಕಟ್ಟಿದೆ. ಹಳೆಯ ಚುಕ್ಕಿಗಳನ್ನು ಅರದಿಂದ ತಿಕ್ಕಿ ತೆಗೆದು ಹೊಸದಾಗಿ ಹೊಡೆದೆ. ಕ್ಯಾಪು ಕೂರುವ ಜಾಗಗಳನ್ನು ಅಳತೆ ಮಾಡಿಸಿದೆ. ಒಂದು ಬಿಗಿದು ತಿರುಗಿಸಿದೆ, ಇನ್ನೊಂದು ಬಿಗಿದು ತಿರುಗಿಸಿದೆ. ಐದೂ ಆದ ಮೇಲೆ ಕ್ರ್ಯಾಂಕ್ ಎರಡು ಬೆರಳಿಗೆ ತಿರುಗಿತು. ಕೂಲಿ ತೆಗೆದುಕೊಳ್ಳಲಿಲ್ಲ. ಅವರು ಅದನ್ನು ನನ್ನ ದೊಡ್ಡತನ ಎಂದುಕೊಂಡು ಊರಲ್ಲೆಲ್ಲ ಹೇಳಿದರು. ಆ ಕಡೆಯಿಂದ ಇನ್ನೂ ನಾಲ್ಕು ಗಾಡಿಗಳು ನನ್ನಲ್ಲಿಗೆ ಬಂದವು, ಮಿಸ್ತ್ರಿಯ ಕೈಗುಣ ಚೆನ್ನಾಗಿದೆ ಎಂದು. ಮುದುಕಿಯ ನೆನಪು ಬಂದಾಗಲೆಲ್ಲ, ಒಂದು ಅ‌ಕ್ಕಿಕಾಳಿನ ಮಾತು, ನಕ್ಕು ಮರೆತಿರುತ್ತಾರೆ ಎಂದುಕೊಂಡೆ. ದಣಿದವನಿಗೆ ಇಂಥ ಸಮಾಧಾನಗಳು ಬೇಗ ಸಿಗುತ್ತವೆ.

ಮದುವೆಯ ದಿನ ಹೋಗದೆ ಇರಲು ಕಾರಣ ಹುಡುಕಿದೆ. ಹೆಂಡತಿ ಇಸ್ತ್ರಿ ಮಾಡಿದ ಅಂಗಿಯನ್ನು ಮಂಚದ ಮೇಲೆ ಇಟ್ಟು, "ಕರದಾರ, ಹೋಗಿ ಬರ್ರಿ," ಎಂದಳು. ಹಿರೇಕೆರೂರಿನ ಬಸ್ಸಿನಲ್ಲಿ ಇಂಜಿನ್ನಿನ ಸದ್ದು ಕೇಳುತ್ತ ಕುಳಿತೆ. ಎಲ್ಲೋ ಒಂದು ವಾಲ್ವು ಸಡಿಲಾಗಿತ್ತು. ಯಾರ ಗಾಡಿಯಲ್ಲಿ ಕೂತರೂ ನನ್ನ ಕಿವಿಗೆ ರಜೆ ಇಲ್ಲ.

ಕಲ್ಯಾಣ ಮಂಟಪ ತುಂಬಿತ್ತು. ನಾನು ನಡುವಿನ ಸಾಲಿನಲ್ಲಿ ಕುಳಿತೆ. ವೇದಿಕೆಯ ಮೇಲೆ ಅಯ್ಯನವರು ಮಂತ್ರ ಶುರು ಮಾಡಿದ್ದರು. ಒಬ್ಬ ಹೆಂಗಸು ಸ್ಟೀಲಿನ ತಟ್ಟೆಯಲ್ಲಿ ಅರಿಶಿನದ ಅಕ್ಕಿ ಹಿಡಿದು ಸಾಲು ಸಾಲಿಗೆ ಹಂಚುತ್ತ ಬರುತ್ತಿದ್ದಳು. ಬಲಗಡೆಯ ಕಂಬದ ಪಕ್ಕದಲ್ಲಿ ಆ ಮುದುಕಿ ಕುಳಿತಿದ್ದಳು. ಮದುಮಗಳು ಅವಳ ಸ್ವಂತ ಮೊಮ್ಮಗಳು, ಅಜ್ಜಿಯಾದ ಅವಳು ವೇದಿಕೆಯ ಮೇಲಿರಬೇಕಿತ್ತು. ತಟ್ಟೆ ಹತ್ತಿರ ಬಂದಾಗ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನಗ ಬ್ಯಾಡವಾ. ನೀವು ಹಾಕ್ರಿ," ಎಂದಳು.

ಹಂಚುವವಳು ಒತ್ತಾಯ ಮಾಡದೆ ಮುಂದೆ ಹೋದಳು. ಹೊಸತಲ್ಲ ಎನ್ನುವಂತಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ, ಅವರ ಊರಿನವನೇ ಆದ ಒಬ್ಬ ಗೃಹಸ್ಥನನ್ನು ಯಾಕೆ ಎಂದು ಕೇಳಿದೆ.

"ಅವರದೊಂದು ಕಾರು ಐತ್ರಿ. ಆ ಇಂಜಿನ್‌ನ್ಯಾಗ ಈ ಮುದುಕಿ ಹಾಕಿದ ಅಕ್ಕಿಕಾಳು ಸಿಕ್ಕು ಸೀಜ್ ಆತಂತ. ಮಿಸ್ತ್ರೀನ ಹೇಳ್ಯಾನಂತ. ಆವತ್ತಿಂದ ತನ್ನ ಕೈಗುಣ ಹೋತು ಅಂತ ಬಿಟ್ಟಾಳ ನೋಡ್ರಿ. ಕೂರಿಗಿಗೂ ಕಾಳು ಹಾಕೂದಿಲ್ಲ, ಯಾರ ಮದಿವ್ಯಾಗೂ ಹಾಕೂದಿಲ್ಲ. ಮಂದಿನೂ ಈಗ ಕರಿಯೂದ ಬಿಟ್ಟಾರ." ಅವನು ಇದನ್ನು ಹವಾಮಾನದ ಸುದ್ದಿಯಂತೆ ಹೇಳಿ ವೇದಿಕೆಯ ಕಡೆ ತಿರುಗಿದ.

ನನ್ನ ಅಂಗೈಯಲ್ಲಿ ಆಗಲೇ ಅಕ್ಕಿಕಾಳು ಹಾಕಿದ್ದರು. ನನಗೆ ನಾಚಿಕೆಯಾಯಿತು. ಅಳು ಬರುವಂಥ ನಾಚಿಕೆ. ಎರಡು ವರ್ಷ ನಾನು ಅವಳ ಕೈಗುಣದ ಮೇಲೆ ಅಂಗಡಿ ನಡೆಸಿದ್ದೆ. ಎದ್ದು, ಸಾಲಿನವರ ಮೊಣಕಾಲು ದಾಟಿ, ಕಂಬದ ಹತ್ತಿರ ಹೋಗಿ ಅವಳ ಮುಂದೆ ನೆಲದ ಮೇಲೆ ಕುಳಿತೆ. ಮೊಣಕಾಲು ಲಟ್ಟೆಂದಿತು.

"ಮಿಸ್ತ್ರಿ ಅಲ್ಲೇನಪ ನೀ? ಮ್ಯಾಲ ಕುರ್ಚಿ ಮ್ಯಾಲ ಕುಂದರು," ಎಂದಳು.

"ಯವ್ವಾ, ಒಂದ ಮಾತು ಹೇಳಬೇಕು. ಆ ಇಂಜಿನ್ ಕೆಟ್ಟದ್ದು ನಿಮ್ಮ ಕಾಳಿನಿಂದ ಅಲ್ರಿ. ನನ್ನಿಂದ. ಎರಡು ಕ್ಯಾಪು ಅದಲ ಬದಲ ಹಾಕಿದ್ದೆ. ಕೈಲೆ ತಿರಗಿಸಿ ನೋಡಿದ್ರ ಆವತ್ತ ಗೊತ್ತಾಗ್ತಿತ್ತು, ನೋಡಲಿಲ್ಲ. ಆಮ್ಯಾಲ ಗೊತ್ತಾತು, ಹೇಳಲಿಲ್ಲ."

ಶಸ್ತ್ರಚಿಕಿತ್ಸೆಯಾದ ಕಣ್ಣಿನಿಂದ ನನ್ನನ್ನು ದಿಟ್ಟಿಸಿದಳು. "ಮತ್ತ ಆ ಕಾಳು?"

"ಅದು ಜಾಳಗ್ಯಾಗ ಇತ್ರಿ. ನೀವು ಹಿಟ್ಟ ಸಾಣಿಸಿದಾಗ ತೌಡು ಮ್ಯಾಲ ಉಳಿತೈತೆಲ್ರಿ, ಹಂಗ. ಅದು ಏನೂ ಮಾಡಿಲ್ರಿ."

"ಏನೂ ಮಾಡಿಲ್ಲ?"

"ಏನೂ ಮಾಡಿಲ್ರಿ."

ಅವಳು ಬಯ್ಯಬಹುದೆಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಎರಡ ಮಳಿಗಾಲ ಕೂರಿಗಿ ಮುಂದ ನಿಂತಿಲ್ಲ ನಾನು," ಎಂದಳು, ಅಷ್ಟೆ. ಆಮೇಲೆ ಸೊಂಟದ ಸಂಚಿಯನ್ನು ಬಿಚ್ಚಿ, ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ಅಡಿಯಿಂದ ಪತ್ರಿಕೆಯ ಸಣ್ಣ ಪೊಟ್ಟಣವೊಂದನ್ನು ತೆಗೆದಳು. ಮಡಿಕೆಗಳಲ್ಲಿ ಎಣ್ಣೆ ಒಣಗಿ ಕಾಗದ ಕಂದಾಗಿತ್ತು. ಅದು ನನ್ನ ಬೆಂಚಿನ ಮೇಲಿನ ಕಾಗದ.

"ದೇವರಿಗೆ ಹಾಕಿದ್ದು, ಒಗಿಯಾಕ ಮನಸ್ಸಾಗಲಿಲ್ಲ. ಇಟ್ಕೊಳ್ಳಾಕೂ ಮನಸ್ಸಾಗಲಿಲ್ಲ. ತಗೊ, ಇದು ನಿಂದು." ನನ್ನ ಖಾಲಿಯಿದ್ದ ಎಡಗೈಯಲ್ಲಿ ಅದನ್ನಿಟ್ಟು ಬೆರಳು ಮಡಚಿದಳು. "ಈಗ ನಡಿ. ನನಗೊಬ್ಬಾಕಿಗೆ ಹೇಳಿದ್ರ ಸಾಲಂಗಿಲ್ಲ. ನನ್ನ ಮಗನ ಮುಂದ ಹೇಳು. ಅಕ್ಕಿಕಾಳು ಬೀಳಾಕಿಂತ ಮದ್ಲ ಹೇಳು."

ಅವಳೇ ನನ್ನ ತೋಳು ಹಿಡಿದು ಎಬ್ಬಿಸಿದಳು, ಅಥವಾ ನಾನು ಅವಳನ್ನು ಎಬ್ಬಿಸಿದೆನೋ. ಇಬ್ಬರಿಗೂ ಮೊಣಕಾಲು ಅಷ್ಟಕ್ಕಷ್ಟೆ. ವೇದಿಕೆಯ ಮೆಟ್ಟಿಲ ಹತ್ತಿರ ಮಾಲಕರು ರುಮಾಲು ಸುತ್ತಿಕೊಂಡು ನಿಂತಿದ್ದರು. "ನಿನ್ನ ಮಿಸ್ತ್ರಿ ಏನೋ ಹೇಳ್ತಾನ, ಕೇಳು," ಎಂದಳು ತಾಯಿ. ಮಂತ್ರದ ನಡುವೆ, ಓಲಗದವರು ತಯಾರಾಗುತ್ತಿದ್ದ ಗದ್ದಲದ ನಡುವೆ ನಾನು ಅದನ್ನೇ ಮತ್ತೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ಅವರ ಮುಖದಲ್ಲಿದ್ದ ಮದುವೆಯ ನಗೆ ಮೆಲ್ಲಗೆ ಇಳಿಯಿತು.

"ಆವತ್ತ ಹೇಳಬೇಕಿತ್ತಲ್ರಿ ಮಿಸ್ತ್ರಿ," ಎಂದರು.

"ಹೌದ್ರಿ."

"ಆ ಕಾಳು ಮನಿಗೆ ಒಯ್ದು ಅವ್ವಗ ತೋರಿಸಿದಾಂವ ನಾನ." ಅದನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಅಷ್ಟರಲ್ಲಿ ಅಯ್ಯನವರು ಕೈಯೆತ್ತಿ ಸನ್ನೆ ಮಾಡಿದರು. ಮಾಲಕರು ಪಕ್ಕದವರ ಕೈಯಿಂದ ಅಕ್ಕಿಯ ತಟ್ಟೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ತಾಯಿಯ ಮುಂದೆ ಹಿಡಿದರು. ಅವಳು ಒಂದು ಕ್ಷಣ ತಟ್ಟೆಯನ್ನೇ ನೋಡಿದಳು. ಸೆರಗಿನಿಂದ ಬಲಗೈ ಹೊರಗೆ ಬಂತು. ಮುಷ್ಟಿ ತುಂಬಿಕೊಂಡು, ಎರಡು ಮೆಟ್ಟಿಲು ಹತ್ತಿ, ಮೊಮ್ಮಗಳ ತಲೆಯ ಮೇಲೆ ಹಗುರವಾಗಿ ಉದುರಿಸಿದಳು. ಅಂದು ಇಂಜಿನ್ನಿನ ಮೇಲೆ ಉದುರಿಸಿದ್ದೂ ಹೀಗೆಯೇ. ಹುಡುಗಿ ತಲೆಯೆತ್ತಿ ಯಾರು ಎಂದು ನೋಡಿದಳು, ನೋಡಿ ಅಳತೊಡಗಿದಳು. ಆಮೇಲೆ ಓಲಗ ಎದ್ದಿತು, ಇಡೀ ಮಂಟಪದ ಅಕ್ಕಿಕಾಳು ಬಿತ್ತು. ನನ್ನ ಬಲಗೈಯಲ್ಲಿದ್ದವನ್ನು ನಾನೂ ಹಾಕಿದೆ.

ಊಟಕ್ಕೆ ಕೂರಲು ಮನಸ್ಸಾಗದೆ ಹೊರಗೆ ಬಂದು ಬೇವಿನ ನೆರಳಿನಲ್ಲಿ ನಿಂತೆ. ಆ ಕಾರು ಅಲ್ಲೇ ನಿಂತಿತ್ತು, ಹೂವಿನ ಮಾಲೆ ಹಾಕಿಕೊಂಡು. ಬಸ್ಸಿನ ಹೊತ್ತು ಕೇಳಬೇಕೆನ್ನುವಷ್ಟರಲ್ಲಿ ಮಾಲಕರು ತಾಯಿಯ ಜೊತೆ ಬಂದರು. ನನ್ನ ಮುಖ ನೋಡದೆ ಕೀಲಿಯನ್ನು ಮುಂದೆ ಹಿಡಿದರು.

"ಅವ್ವಗ ಸಾಕಾಗೈತಂತ, ಊರಿಗೆ ಬಿಟ್ಟು ಬರ್ರಿ. ಅವತ್ತಿಂದ ಈ ಕಾರ ಹತ್ತಿಲ್ಲ ಆಕಿ. ಇವತ್ತೂ ಬಸ್ಸಿಗೇ ಬಂದಾಳ. ನೀವು ನಡಸಿದ್ರ ಹತ್ತತೇನಿ ಅಂತಾಳ."

ನಾನು ಬಾಗಿಲು ತೆರೆದೆ. ಅವಳು ಮುಂದಿನ ಸೀಟಿನಲ್ಲಿ ಕುಳಿತು, ಸೀರೆಯ ಅಂಚನ್ನು ಒಳಗೆ ಎಳೆದುಕೊಂಡಳು. ನಾನು ಸುತ್ತಿ ಬಂದು ಕುಳಿತು ಕೀಲಿ ಹಾಕಿದೆ. ತಿರುಗಿಸುವಷ್ಟರಲ್ಲಿ ಅವಳು ನನ್ನ ಮಣಿಕಟ್ಟನ್ನು ಹಿಡಿದಳು.

"ಎರಡನೇ ಸಲ ಕೈಲೆ ತಿರಗಿಸಿ ನೋಡಿದ್ದೇನು?"

"ನೋಡಿದ್ದೇನ್ರಿ ಯವ್ವಾ. ಒಂದೊಂದಕ್ಕೂ ನೋಡಿದ್ದೆ."

"ಖರೇನ?"

"ಖರೇನ್ರಿ."

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿದಳು. ನಂಬಬೇಕೋ ಬೇಡವೋ ಎಂದು ಅಳೆಯುತ್ತಿದ್ದಳು, ಹಾಗೆ ಅಳೆಯುವ ಹಕ್ಕು ಅವಳಿಗಿತ್ತು. ನಾನು ಕಣ್ಣು ತಪ್ಪಿಸಲಿಲ್ಲ. ಪೊಟ್ಟಣ ನನ್ನ ಜೇಬಿನಲ್ಲಿತ್ತು. ಆಮೇಲೆ ಮಣಿಕಟ್ಟು ಬಿಟ್ಟು, ಎರಡೂ ಕೈಗಳನ್ನು ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಿಸಿ ಇಟ್ಟಳು. ಬೆರಳ ಸಂದಿಯಲ್ಲಿ ಅರಿಶಿನ ಹಾಗೇ ಇತ್ತು.

"ಹಂಗಾರ ನಡಿ," ಎಂದಳು.